ಸಾಲ ತೆಗೆದುಕೊಂಡವರು ತೀರಿಕೊಂಡರು, ಮಗ ಸಂಬಂಧವೇ ಇಲ್ಲ ಅಂತಾನೆ. ನನ್ನ ದುಡ್ಡು ಬರುತ್ತಾ?

ಪ್ರಶ್ನೆ: ನಾನು ಘಾಟ್ಕೋಪರ್‌ನಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇನೆ. ನಮ್ಮ ಕುಂದಾಪುರದ ಕಡೆಯವರೇ ಒಬ್ಬರು ಅಂಧೇರಿಯಲ್ಲಿ ಕ್ಯಾಂಟೀನ್ ಇಟ್ಟುಕೊಂಡಿದ್ದರು. 10 ಜೂನ್ 2023ರಂದು ಅವರಿಗೆ 5 ಲಕ್ಷ ರೂಪಾಯಿ ಬ್ಯಾಂಕ್ ಮೂಲಕ ಕೊಟ್ಟೆ. ಕೇಳಿದಾಗ ಕೊಡುತ್ತೇನೆ, ವರ್ಷಕ್ಕೆ ನೂರಕ್ಕೆ 12 ಬಡ್ಡಿ ಎಂದು ಪ್ರೋನೋಟ್ ಬರೆದುಕೊಟ್ಟಿದ್ದಾರೆ. ಜನವರಿ 2024ರಲ್ಲಿ ಮತ್ತೆ 1 ಲಕ್ಷ ಕೈಯಲ್ಲೇ ಕೊಟ್ಟೆ, ಅದಕ್ಕೆ ವಾಟ್ಸಾಪ್ ಮೆಸೇಜ್ ಬಿಟ್ಟರೆ ಬೇರೇನೂ ಇಲ್ಲ. ಸೆಪ್ಟೆಂಬರ್ 2024ರಲ್ಲಿ ಅವರು 50,000ದ ಚೆಕ್ ಕೊಟ್ಟರು, ಪಾಸಾಯಿತು. ಅದನ್ನು ಅಸಲಿನಿಂದ ಕಳೆದರೆ ಒಟ್ಟು ಐದೂವರೆ ಲಕ್ಷ ಬಾಕಿ. ಅಕ್ಟೋಬರ್ 2025ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಮನೆಯಲ್ಲಿ ಹೆಂಡತಿ, ಪುಣೆಯಲ್ಲಿ ಕೆಲಸದಲ್ಲಿರುವ ಮಗ, ಮದುವೆಯಾದ ಮಗಳು, ಊರಲ್ಲಿ ವಯಸ್ಸಾದ ತಾಯಿ. ನಾಲಾಸೋಪಾರಾದಲ್ಲಿ ಅವರ ಹೆಸರಲ್ಲಿ ಫ್ಲ್ಯಾಟ್ ಇದೆ, ಅದರ ಮೇಲೆ ಹೋಮ್ ಲೋನ್ ಇದೆ. ಕ್ಯಾಂಟೀನನ್ನು ಈಗ ಅವರ ಹೆಂಡತಿಯ ತಮ್ಮ ನಡೆಸುತ್ತಿದ್ದಾರೆ. ಮಗ ಹೇಳುತ್ತಾನೆ: 'ಅಪ್ಪ ಮಾಡಿದ ಸಾಲಕ್ಕೂ ನನಗೂ ಸಂಬಂಧ ಇಲ್ಲ, ಬ್ಯಾಂಕಿನಲ್ಲಿ ನಾಮಿನಿ ನಾನೇ, ಆ ದುಡ್ಡು ನನ್ನದು.' ಅವರು ಸಹಿ ಹಾಕಿ ಕೊಟ್ಟ ಎರಡು ಖಾಲಿ ಚೆಕ್ ನನ್ನ ಹತ್ತಿರ ಇವೆ. ಅವನ್ನು ಬ್ಯಾಂಕಿಗೆ ಹಾಕಲೇ? ಪೊಲೀಸರಿಗೆ ಹೇಳಲೇ?

ಉತ್ತರ: ಮಗ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಅವನ ಸಂಬಳಕ್ಕೆ, ಅವನು ಸ್ವಂತ ದುಡಿದು ಮಾಡಿದ್ದಕ್ಕೆ ನೀವು ಕೈ ಹಾಕುವಂತಿಲ್ಲ. ಅಪ್ಪನ ಸಾಲ ಮಗ ತೀರಿಸಲೇಬೇಕು, ಇಲ್ಲದಿದ್ದರೆ ಸತ್ತವರಿಗೆ ಸದ್ಗತಿ ಇಲ್ಲ ಎಂಬ ಹಳೆಯ ಮಾತಿಗೆ ಒಂದು ಕಾಲದಲ್ಲಿ ಕಾನೂನಿನ ಬಲವೂ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 9 ಸೆಪ್ಟೆಂಬರ್ 2005ರಂದು ಜಾರಿಗೆ ಬಂದ ಮೇಲೆ, ಆಮೇಲಿನ ಸಾಲಗಳಿಗೆ ಆ ಬಲ ಹೋಯಿತು. ಆದರೆ ಸಾಲ ಸತ್ತಿಲ್ಲ. ಅವರು ಬಿಟ್ಟುಹೋದ ಆಸ್ತಿಯ ಮೇಲೆ ಅದು ಹಾಗೇ ಇದೆ. ಆ ಆಸ್ತಿಯಲ್ಲಿ ಯಾರ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಅವರು ನಿಮಗೆ ಜವಾಬು ಕೊಡಬೇಕು. ಹಾಗಾಗಿ ನೀವು ಮಗನನ್ನು ಹಿಡಿದುಕೊಂಡು ಜಗಳ ಮಾಡಬೇಡಿ. ಏನೇನು ಬಿಟ್ಟುಹೋಗಿದ್ದಾರೆ, ಅದು ಈಗ ಯಾರ ಕೈಲಿದೆ ಎಂದು ನೋಡಿ.

ಅದಕ್ಕಿಂತ ಮೊದಲು ತಾರೀಕು ನೋಡಿ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಸಾವಿನ ಮನೆ, ಈಗ ಕೇಳಿದರೆ ಚೆನ್ನಾಗಿರಲ್ಲ, ವರ್ಷಾಂತಿಕ ಮುಗಿಯಲಿ, ಫ್ಲ್ಯಾಟ್ ಮಾರಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ದಾವೆ ಹಾಕುವ ವಾಯಿದೆ ಮುಗಿದಿರುತ್ತದೆ. ಕೇಳಿದಾಗ ಕೊಡಬೇಕಾದ ಪ್ರೋನೋಟಿಗೆ ಬರೆದ ದಿನದಿಂದ ಮೂರು ವರ್ಷ ವಾಯಿದೆ. ನೀವು ಕೇಳಿದ ದಿನದಿಂದ ಅಲ್ಲ. ಒಮ್ಮೆ ಓಡಲು ಶುರುವಾದ ವಾಯಿದೆ ಸಾಲಗಾರ ಸತ್ತ ಅಂತ ನಿಲ್ಲುವುದಿಲ್ಲ. ನಿಮ್ಮ ನೋಟಿನ ಲೆಕ್ಕಕ್ಕೆ ಕೊನೆಯ ದಿನ 10 ಜೂನ್ 2026. ಕೋರ್ಟಿನ ಬೇಸಿಗೆ ರಜೆ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಈಗ ಆ ಪ್ರೋನೋಟನ್ನು ತಿರುಗಿಸಿ ಹಿಂಬದಿ ನೋಡಿ. 50,000 ಕೊಟ್ಟ ದಿನ ಅವರು ತಮ್ಮ ಕೈಯಲ್ಲಿ 'ಇಷ್ಟು ಕೊಟ್ಟಿದ್ದೇನೆ' ಎಂದು ತಾರೀಕು ಹಾಕಿ ಸಹಿ ಮಾಡಿದ್ದಾರಾ? ಮಾಡಿದ್ದರೆ ನಿಮಗೆ ದೊಡ್ಡ ಬಲ. ವಾಯಿದೆ ಮುಗಿಯುವ ಮೊದಲು ಸಾಲದ ಸ್ವಲ್ಪ ಭಾಗವನ್ನೋ ಬಡ್ಡಿಯನ್ನೋ ಕೊಟ್ಟು, ಅದು ಕೊಟ್ಟವರ ಕೈಬರಹದಲ್ಲಿ ಅಥವಾ ಸಹಿ ಇರುವ ಕಾಗದದಲ್ಲಿ ದಾಖಲಾಗಿದ್ದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಅಂದರೆ ಸೆಪ್ಟೆಂಬರ್ 2027ರವರೆಗೆ. ಹಿಂಬದಿಯಲ್ಲಿ ಏನೂ ಬರೆಯದಿದ್ದರೂ ಚೆಕ್ ಇದೆಯಲ್ಲ, ಅದರ ಮೇಲೆ ಅವರ ಸಹಿ ಇದೆ. ನಿಮ್ಮ ಬ್ಯಾಂಕಿಗೆ ಹೋಗಿ ಆ ಚೆಕ್ಕಿನ ಪ್ರತಿ ಬೇಕೆಂದು ಅರ್ಜಿ ಕೊಡಿ, ಸ್ಟೇಟ್‌ಮೆಂಟಿನ ಒಂದು ಸಾಲು ಸಾಲದು. ಇಷ್ಟಿದ್ದರೂ ಜೂನ್ 2026ನ್ನೇ ನಿಮ್ಮ ಕೊನೆಯ ದಿನ ಎಂದು ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಆ ಚೆಕ್ ಬೇರೆ ವ್ಯವಹಾರದ್ದು ಎಂದು ಎದುರಿನವರು ವಾದ ಹೂಡಿದರೆ ಅದನ್ನು ಸುಳ್ಳೆಂದು ತೋರಿಸುವ ಕಷ್ಟ ನಿಮಗೆ ಯಾಕೆ?

ಲೆಕ್ಕದಲ್ಲೂ ಒಂದು ವಿಷಯ ಇದೆ. ನೀವು ಪತ್ರದಲ್ಲಿ 50,000ವನ್ನು ಅಸಲಿನಿಂದ ಕಳೆದು ಒಟ್ಟು ಐದೂವರೆ ಲಕ್ಷ ಬಾಕಿ ಎಂದು ಬರೆದಿದ್ದೀರಿ. ನೂರಕ್ಕೆ 12ರಂತೆ 5 ಲಕ್ಷಕ್ಕೆ ಆ ಹದಿನೈದು ತಿಂಗಳಿಗೇ ಸುಮಾರು 75,000 ಬಡ್ಡಿ ಆಗಿತ್ತು. ಇದು ಅಸಲಿಗೆ ಎಂದು ಇಬ್ಬರೂ ಒಪ್ಪಿಕೊಂಡಿರದಿದ್ದರೆ ಬಂದ ಹಣ ಮೊದಲು ಬಡ್ಡಿಗೆ ಹೋಗುತ್ತದೆ, ಅಸಲು ಹಾಗೇ ನಿಲ್ಲುತ್ತದೆ. ಅವರಿಗೆ ಏನೆಂದು ರಸೀದಿ ಕೊಟ್ಟಿದ್ದೀರಿ ನೋಡಿಕೊಂಡು ಲೆಕ್ಕ ಹಾಕಿ.

ಕೈಯಲ್ಲಿ ಕೊಟ್ಟ 1 ಲಕ್ಷ ಸ್ವಲ್ಪ ಕಷ್ಟದ್ದು, ಹಾಗಂತ ಕೈಬಿಡಬೇಕಾಗಿಲ್ಲ. ಅದರ ವಾಯಿದೆ ಕೊಟ್ಟ ದಿನದಿಂದ ಮೂರು ವರ್ಷ, ಜನವರಿ 2027ಕ್ಕೆ ಮುಗಿಯುತ್ತದೆ. ಸತ್ತವರು ತಮಗೇ ನಷ್ಟವಾಗುವಂಥ ಮಾತನ್ನು ಬರೆದಿಟ್ಟಿದ್ದರೆ ಕೋರ್ಟು ಅದನ್ನು ಸಾಕ್ಷಿಯಾಗಿ ನೋಡುತ್ತದೆ. 'ಒಂದು ಲಕ್ಷ ಸಿಕ್ತು ಅಕ್ಕಾ, ದೀಪಾವಳಿ ಒಳಗೆ ಕೊಡ್ತೇನೆ' ಅನ್ನುವ ಥರದ ಮೆಸೇಜ್ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಸುಮ್ನೆ ಕೂರಬೇಡಿ, ಆ ಫೋನನ್ನೇ ಜೋಪಾನ ಮಾಡಿ, ಮಾರಬೇಡಿ, ಚಾಟ್ ಅಳಿಸಬೇಡಿ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಮೆಸೇಜಿನ ಪ್ರತಿಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ನಿಮ್ಮ ವಕೀಲರು ಮಾಡಿಸುತ್ತಾರೆ. ಆದಾಯ ತೆರಿಗೆ ಕಾನೂನು 20,000 ಮತ್ತು ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವುದನ್ನು ತಡೆದಿದೆ, ನಿಜ. ಅದರ ದಂಡ ಸಾಲ ಪಡೆದವರಿಗೆ. ಅಷ್ಟಕ್ಕೇ ಸಾಲ ಇಲ್ಲವೆಂದಾಗುವುದಿಲ್ಲ ಎಂದು 2025ರಲ್ಲಿ ಗೋವಾದಿಂದ ಬಂದ ಒಂದು ಚೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಒಂದು ಲಕ್ಷ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದರೆ ಹೇಳಲು ಸಿದ್ಧವಾಗಿರಿ.

ಖಾಲಿ ಚೆಕ್ ವಿಷಯ. ದಯವಿಟ್ಟು ತುಂಬಿ ಬ್ಯಾಂಕಿಗೆ ಹಾಕಬೇಡಿ. ಖಾತೆದಾರರು ಸತ್ತಿದ್ದಾರೆ ಎಂದು ಬ್ಯಾಂಕು ವಾಪಸ್ ಕಳಿಸುತ್ತದೆ. ಚೆಕ್ ಬೌನ್ಸ್ ಕೇಸು ಚೆಕ್ ಕೊಟ್ಟವರ ಮೇಲೆ ಹೂಡುವಂಥದ್ದು, ಅವರೇ ಇಲ್ಲದ ಮೇಲೆ ಹೆಂಡತಿ ಮಕ್ಕಳ ಮೇಲೆ ಹಾಕಲಾಗುವುದಿಲ್ಲ. ಅದೂ ಅಲ್ಲದೆ ಸತ್ತವರ ಚೆಕ್ಕಿನಲ್ಲಿ ಅವರು ಸತ್ತ ಮೇಲಿನ ತಾರೀಕನ್ನು ನೀವೇ ತುಂಬಿದರೆ ನಿಮ್ಮ ಹತ್ತಿರ ಇರುವ ಸರಿಯಾದ ಕಾಗದಗಳ ಮೇಲೂ ಅನುಮಾನ ಬರುತ್ತದೆ. ಖಾಲಿಯಾಗಿಯೇ ಇಡಿ. ಪೊಲೀಸರ ಹತ್ತಿರ ಹೋಗಿ ಪ್ರಯೋಜನ ಇಲ್ಲ, ಇದು ಸಿವಿಲ್ ವ್ಯವಹಾರ.

ಇನ್ನು ಆಸ್ತಿ ಏನೇನಿದೆ ನೋಡೋಣ. ಬ್ಯಾಂಕಿನ ದುಡ್ಡಿಗೆ ಮಗ ನಾಮಿನಿ ಅನ್ನುತ್ತಾನೆ. ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಹಕ್ಕು ಅವನಿಗಿದೆ, ಅಷ್ಟರಿಂದ ಅವನೇ ಮಾಲೀಕ ಆಗುವುದಿಲ್ಲ. ಷೇರುಗಳ ಬಗ್ಗೆ ಕೂಡ ಸುಪ್ರೀಂ ಕೋರ್ಟ್ ಡಿಸೆಂಬರ್ 2023ರಲ್ಲಿ ಇದನ್ನೇ ಹೇಳಿತು. ಆ ದುಡ್ಡು ಸತ್ತವರ ಆಸ್ತಿಯೇ, ಅದರಿಂದ ಸಾಲ ತೀರಬೇಕು. ಮುಟ್ಟಲಾಗದ ಹಣವೂ ಇದೆ. ಭವಿಷ್ಯ ನಿಧಿಯ ಹಣ, ಹೆಂಡತಿ ಮಕ್ಕಳ ಹೆಸರಿಗೆ ಬರುವ ಜೀವ ವಿಮೆಯ ಹಣ, ಇವಕ್ಕೆ ಕಾನೂನಿನ ರಕ್ಷಣೆ ಇದೆ. ಎಲ್‌ಐಸಿ ದುಡ್ಡು ಬಂತಂತೆ ಎಂದು ಯಾರೋ ಹೇಳಿದರೆ ಅದರ ಹಿಂದೆ ಹೋಗಬೇಡಿ. ಗಂಡ ಹೋದ ಆ ಹೆಂಗಸಿನ ಜೀವನಕ್ಕೆ ಅದು ಇರಲಿ, ಕಾನೂನು ಹಾಗೆ ಮಾಡಿರುವುದು ಸರಿಯಾಗಿಯೇ ಇದೆ ಎಂದು ನಾನು ನಂಬುತ್ತೇನೆ.

ಫ್ಲ್ಯಾಟ್ ಮೇಲೆ ಮೊದಲ ಹಕ್ಕು ಹೋಮ್ ಲೋನ್ ಕೊಟ್ಟ ಬ್ಯಾಂಕಿನದು. ಆದರೆ ತುಂಬಾ ಜನ ಹೋಮ್ ಲೋನ್ ತೆಗೆದುಕೊಳ್ಳುವಾಗ ಜೊತೆಗೆ ಸಾಲಕ್ಕೆ ವಿಮೆ ಮಾಡಿಸಿರುತ್ತಾರೆ. ಹಾಗೆ ಮಾಡಿಸಿದ್ದರೆ ವಿಮಾ ಕಂಪನಿ ಬ್ಯಾಂಕಿನ ಬಾಕಿ ಕಟ್ಟುತ್ತದೆ, ಆಗ ಫ್ಲ್ಯಾಟಿನ ಬೆಲೆ ಪೂರ್ತಿ ಉಳಿಯುತ್ತದೆ. ಇದನ್ನು ಕೇಳಿ ತಿಳಿದುಕೊಳ್ಳಿ. ನೋಂದಣಿ ಇಲಾಖೆಯ ಆನ್‌ಲೈನ್ ಹುಡುಕಾಟದಲ್ಲಿ ಫ್ಲ್ಯಾಟಿನ ಇಂಡೆಕ್ಸ್ ಟು, ಅಂದರೆ ನೋಂದಣಿಯಾದ ದಾಖಲೆಯ ಸಾರಾಂಶ, ಸಿಗುತ್ತದೆ, ಅದು ಅವರೊಬ್ಬರ ಹೆಸರಲ್ಲಿದೆಯಾ, ಹೆಂಡತಿಯ ಹೆಸರೂ ಇದೆಯಾ ನೋಡಿ. ಇಬ್ಬರದ್ದಾದರೆ ನಿಮಗೆ ಬರುವುದು ಅವರ ಪಾಲಿನ ಮೇಲಿನ ಹಕ್ಕು ಮಾತ್ರ. ಫ್ಲ್ಯಾಟಿನ ಸೊಸೈಟಿಯ ಸೆಕ್ರೆಟರಿಗೆ ನಿಮ್ಮ ಸಾಲ ಬಾಕಿ ಇದೆ ಎಂದು ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸೊಸೈಟಿ ಸೀಲು ಹಾಕಿಸಿಕೊಳ್ಳಿ. ಅವರು ಸೊಸೈಟಿಯಲ್ಲಿ ನಾಮಿನಿ ಹಾಕಿರದಿದ್ದರೆ ಹೆಸರು ಬದಲಾಯಿಸುವ ಮೊದಲು ಸೊಸೈಟಿ ಪೇಪರಿನಲ್ಲಿ ನೋಟಿಸ್ ಹಾಕಿ ಆಕ್ಷೇಪಣೆ ಕೇಳುತ್ತದೆ, ಅದಕ್ಕೂ ಕಣ್ಣಿಟ್ಟಿರಿ. ಪತ್ರ ಕೊಟ್ಟ ಮಾತ್ರಕ್ಕೆ ಮಾರಾಟ ನಿಲ್ಲುವುದಿಲ್ಲ, ನಿಲ್ಲಿಸಲು ಕೋರ್ಟಿನ ಆದೇಶವೇ ಬೇಕು. ಆದರೆ ಸಾಲ ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ ಅನ್ನುವ ಮಾತಿಗೆ ಜಾಗ ಉಳಿಯುವುದಿಲ್ಲ.

ಜನ ಮರೆಯುವುದು ಕ್ಯಾಂಟೀನನ್ನು. ಮುಂಬೈಯಲ್ಲಿ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಥರದ ಕರಾರಿನ ಮೇಲೆ ಜಾಗ ತೆಗೆದುಕೊಂಡವರು ಮಾಲೀಕರಿಗೆ ಡಿಪಾಸಿಟ್ ಕೊಟ್ಟಿರುತ್ತಾರೆ, ಎಷ್ಟೋ ಸಲ ಲಕ್ಷಗಟ್ಟಲೆ. ಅದು ಸತ್ತವರ ದುಡ್ಡು. ಗ್ರೈಂಡರ್, ಫ್ರಿಜ್ಜು, ಪಾತ್ರೆಗಳು, ತಿಂಗಳ ಲೆಕ್ಕಕ್ಕೆ ಊಟ ತಿಂಡಿ ತರಿಸುತ್ತಿದ್ದ ಆಫೀಸುಗಳಿಂದ ಬರಬೇಕಾದ ಬಾಕಿ, ಎಲ್ಲವೂ ಅವರದ್ದೇ. ಹೆಂಡತಿಯ ತಮ್ಮ ಇದನ್ನೆಲ್ಲ ಈಗ ಕೈಗೆ ತೆಗೆದುಕೊಂಡು ನಡೆಸುತ್ತಿದ್ದಾರೆ ಅಂದರೆ, ವಾರಸುದಾರರಲ್ಲದಿದ್ದರೂ ಸತ್ತವರ ಆಸ್ತಿಯಲ್ಲಿ ಕೈಯಾಡಿಸುವವರನ್ನು ಕಾನೂನು ಪ್ರತಿನಿಧಿ ಎಂದೇ ಎಣಿಸುತ್ತದೆ. ದಾವೆಯಲ್ಲಿ ಅವರ ಹೆಸರೂ ಇರಲಿ. ಇನ್ನೊಂದು ಮುಖ್ಯ ಪ್ರಶ್ನೆ: ಆ ಕ್ಯಾಂಟೀನ್ ಅವರೊಬ್ಬರದ್ದೇ ಆಗಿತ್ತಾ, ಪಾರ್ಟನರ್‌ಶಿಪ್ಪಾ? ನಮ್ಮವರ ಹೋಟೆಲುಗಳಲ್ಲಿ ಇಬ್ಬರು ಮೂವರು ಪಾಲುದಾರರು ಇರುವುದು ಮಾಮೂಲು. ನಿಮ್ಮ 5 ಲಕ್ಷ ಅವರ ಸ್ವಂತ ಖಾತೆಗೆ ಹೋಗದೆ ಫರ್ಮಿನ ಖಾತೆಗೆ ಹೋಗಿ ಫರ್ಮಿನ ವ್ಯಾಪಾರಕ್ಕೇ ಬಳಕೆಯಾಗಿದ್ದರೆ ಉಳಿದ ಪಾಲುದಾರರೂ ಪೂರ್ತಿ ಸಾಲಕ್ಕೆ ಹೊಣೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಹಣ ಯಾವ ಹೆಸರಿಗೆ ಹೋಗಿದೆ ನೋಡಿ.

ಊರಲ್ಲಿ ಜಮೀನು ಇದ್ದರೆ ಕರ್ನಾಟಕದ ಭೂಮಿ ಜಾಲತಾಣದಲ್ಲಿ ಪಹಣಿ ಸಿಗುತ್ತದೆ. ಹಿರಿಯರ ಆಸ್ತಿಯಾಗಿದ್ದರೂ ಅವರ ಪಾಲು ಎಷ್ಟೋ ಅಷ್ಟು ಸಾಲಕ್ಕೆ ಸಿಗುತ್ತದೆ, ಮುಂಬೈಯಲ್ಲಿ ಆದ ಡಿಕ್ರಿಯನ್ನು (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪನ್ನು) ಅಲ್ಲಿನ ಕೋರ್ಟಿಗೆ ವರ್ಗ ಮಾಡಿಸಿ ವಸೂಲಿ ಮಾಡಬಹುದು.

ನಿಮ್ಮ ಮುಂದೆ ಇನ್ನೂ ಕೆಲವರು ಸಾಲಿನಲ್ಲಿದ್ದಾರೆ ಎಂಬುದನ್ನೂ ತಿಳಿದಿರಿ. ಆಸ್ತಿ ಎಲ್ಲರಿಗೂ ಸಾಲದೆ ಹೋಗಿ, ಕೋರ್ಟಿನ ಮೂಲಕ ಹಂಚಿಕೆ ಆಗುವುದಾದರೆ ಅಂತ್ಯಕ್ರಿಯೆಯ ಖರ್ಚು, ಕೊನೆಯ ದಿನಗಳ ಆಸ್ಪತ್ರೆ ಬಿಲ್ಲು ಮೊದಲು. ಕ್ಯಾಂಟೀನಿನ ಹುಡುಗರ ಕೊನೆಯ ಮೂರು ತಿಂಗಳ ಸಂಬಳವೂ ನಿಮಗಿಂತ ಮೊದಲು. ಉಳಿದದ್ದರಲ್ಲಿ ನಿಮ್ಮಂಥ ಸಾಲ ಕೊಟ್ಟವರೆಲ್ಲ ಸಮನಾಗಿ, ಅವರವರ ಬಾಕಿಯ ಪ್ರಮಾಣಕ್ಕೆ ತಕ್ಕಂತೆ.

ಈಗ ಮಾಡಬೇಕಾದ ಕೆಲಸ: ಪತ್ರ. ಸತ್ತವರ ಹೆಸರಿಗೆ ನೋಟಿಸು ಕಳಿಸುವುದು, ಸತ್ತವರ ಮೇಲೇ ದಾವೆ ಹಾಕುವುದು, ಎರಡೂ ವ್ಯರ್ಥ. ಹಾಗೆ ಹಾಕಿದ ದಾವೆ ಮೊದಲಿನಿಂದಲೇ ಇಲ್ಲದಂತೆ. ಹೆಂಡತಿ, ಮಗ, ಮಗಳು, ತಾಯಿ, ಈ ನಾಲ್ವರಿಗೂ ಬರೆಯಬೇಕು. ಮದುವೆಯಾದ ಮಗಳನ್ನೂ ಊರಲ್ಲಿರುವ ತಾಯಿಯನ್ನೂ ಬಿಡಬೇಡಿ, ಇಬ್ಬರೂ ಮೊದಲ ವರ್ಗದ ವಾರಸುದಾರರು. ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಮನೆಯಾದರೂ ಅವರ ಸ್ವಂತ ಆಸ್ತಿಗೆ ಇದೇ ಲೆಕ್ಕ. ಮೊದಲ ಪತ್ರ ವಕೀಲರದ್ದಾಗಬೇಕಿಲ್ಲ, ನೀವೇ ಕನ್ನಡದಲ್ಲಿ ಬರೆಯಿರಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಹೀಗಿದ್ದರೆ ಸಾಕು:

'ಅಣ್ಣ ಹೋದ ದುಃಖದಲ್ಲಿ ನೀವಿದ್ದೀರಿ, ನನಗೂ ಅದು ಗೊತ್ತಿದೆ. ಅವರು 10 ಜೂನ್ 2023ರಂದು ನನ್ನಿಂದ 5 ಲಕ್ಷ ಸಾಲ ಪಡೆದಿದ್ದರು, ಪ್ರೋನೋಟಿನ ಪ್ರತಿ ಜೊತೆಗಿದೆ. ಜನವರಿ 2024ರಲ್ಲಿ 1 ಲಕ್ಷ ಪಡೆದಿದ್ದರು. 50,000 ವಾಪಸ್ ಬಂದಿದೆ. ಉಳಿದದ್ದನ್ನು ಅವರು ಬಿಟ್ಟುಹೋದ ಆಸ್ತಿಯಿಂದ ಕೊಡಬೇಕೆಂದು ಕೇಳುತ್ತೇನೆ. ನಿಮ್ಮ ಸ್ವಂತ ದುಡಿಮೆಯಿಂದ ಕೊಡಿ ಎಂದು ಕೇಳುತ್ತಿಲ್ಲ. ಒಂದು ಲಕ್ಷಕ್ಕೂ ಈ ಪತ್ರದ ತಾರೀಕಿನಿಂದ ಬಡ್ಡಿ ಕೇಳುತ್ತೇನೆ. ಸಾಲ ತೀರುವವರೆಗೆ ಫ್ಲ್ಯಾಟ್ ಮಾರುವುದು, ಹಕ್ಕು ಬಿಟ್ಟುಕೊಡುವುದು ಮಾಡಬೇಡಿ.'

ಆ ಬಡ್ಡಿಯ ಸಾಲು ಇರಲೇಬೇಕು. ಬಡ್ಡಿಯ ಕರಾರು ಇಲ್ಲದ ಸಾಲಕ್ಕೂ ಹೀಗೆ ಬರೆದು ಕೇಳಿದ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಅವಕಾಶ ಇದೆ. 'ನಿಮ್ಮ ದುಡಿಮೆಯಿಂದ ಅಲ್ಲ' ಎನ್ನುವ ಸಾಲೂ ಇರಲಿ. ಮಗ ಸಿಟ್ಟಿನಲ್ಲಿ ಮಾತಾಡುವುದು ಹೆಚ್ಚಾಗಿ ತನ್ನ ಸಂಬಳ ಹೋಗುತ್ತದೆ ಎಂಬ ಹೆದರಿಕೆಯಿಂದ, ಅದನ್ನು ತೆಗೆದರೆ ಮಾತುಕತೆಗೆ ಬರುತ್ತಾನೆ.

ಅವರು ಒಪ್ಪದಿದ್ದರೆ ದಾವೆ. ಹಣ ಕೊಟ್ಟಿದ್ದು ಮುಂಬೈಯಲ್ಲಿ, ಹಾಗಾಗಿ ಇಲ್ಲಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಹಾಕಬಹುದು. ಪ್ರೋನೋಟ್ ಕೈಲಿದ್ದರೆ ದುಡ್ಡು ಕೊಟ್ಟೇ ಬರೆಸಿಕೊಂಡಿದ್ದು ಎಂದು ಕೋರ್ಟು ಊಹಿಸಿಕೊಳ್ಳುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ಅವರದ್ದು. ಸಹಿಯೇ ಅಪ್ಪನದ್ದಲ್ಲ ಎಂದರೆ ನೋಟಿಗೆ ಸಾಕ್ಷಿ ಹಾಕಿದವರು ಬೇಕಾಗುತ್ತಾರೆ, ಅವರು ಎಲ್ಲಿದ್ದಾರೆ ಎಂದು ಈಗಲೇ ಹುಡುಕಿ. ಫ್ಲ್ಯಾಟ್ ಮಾರಿ ದುಡ್ಡು ಹಂಚಿಕೊಳ್ಳುವ ಸುಳಿವು ಸಿಕ್ಕರೆ ತೀರ್ಪಿಗೆ ಮೊದಲೇ ಜಪ್ತಿಗೆ ಅರ್ಜಿ ಹಾಕಲು ಅವಕಾಶ ಇದೆ, ಅದಕ್ಕೆ ಬರೀ ಅನುಮಾನ ಸಾಲದು, ಏಜೆಂಟರ ಜಾಹೀರಾತಿನಂಥ ಏನಾದರೂ ಕೈಯಲ್ಲಿರಬೇಕು. ಮಗಳು, ತಾಯಿ ಮಗನಿಗೆ ಹಕ್ಕು ಬಿಟ್ಟುಕೊಟ್ಟರೂ ಸಾಲ ತಪ್ಪಿಸಲಾಗುವುದಿಲ್ಲ, ಆಸ್ತಿ ಯಾರ ಕೈಗೆ ಹೋಗಿದೆಯೋ ಹೊಣೆಯೂ ಅಲ್ಲಿಗೇ ಹೋಗುತ್ತದೆ.

ಒಂದು ವಿಷಯ ವಕೀಲರ ಹತ್ತಿರ ಮುಚ್ಚಿಡಬೇಡಿ. ನೀವು ಇನ್ನೂ ನಾಲ್ಕು ಜನಕ್ಕೆ ಹೀಗೆ ಬಡ್ಡಿಗೆ ಕೊಡುತ್ತೀರಾ? ಮಹಾರಾಷ್ಟ್ರದ 2014ರ ಲೇವಾದೇವಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರಿಗೆ ಕೋರ್ಟು ಡಿಕ್ರಿ ಕೊಡುವುದಿಲ್ಲ. ಪರಿಚಯದವರೊಬ್ಬರಿಗೆ ಕಷ್ಟಕ್ಕೆಂದು ಕೊಟ್ಟಿದ್ದು ವ್ಯವಹಾರ ಅಲ್ಲ. ಎದುರಿನವರು ಈ ಮಾತು ಎತ್ತೇ ಎತ್ತುತ್ತಾರೆ, ಹಾಗಾಗಿ ಇದ್ದದ್ದು ಇದ್ದ ಹಾಗೆ ಮೊದಲೇ ಹೇಳಿಬಿಡಿ.

ವಕೀಲರ ಫೀಸಿಗೆ ಹೆದರಿದ್ದೀರಿ ಅಂತ ಕಾಣುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ದಾವೆ ಹಾಕುವ ಮೊದಲೇ ಆ ಪ್ರಾಧಿಕಾರದ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ, ಅಲ್ಲಿ ಒಪ್ಪಂದವಾದರೆ ಅದಕ್ಕೆ ಡಿಕ್ರಿಯ ಬೆಲೆ, ಮೇಲ್ಮನವಿ ಇಲ್ಲ. ನಿಮ್ಮ ಪ್ರಕರಣ ಅಲ್ಲೇ ಮುಗಿದರೆ ಎರಡೂ ಮನೆಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾಳೆ ಊರಲ್ಲಿ, ಸಂಘದ ಕಾರ್ಯಕ್ರಮದಲ್ಲಿ ಮುಖ ನೋಡಬೇಕಾದವರು, ಅಲ್ವಾ? ಆದರೆ ಮಾತುಕತೆ ನಡೆಯುತ್ತಿದೆ ಎಂದು ಜೂನ್ ದಾಟಿಸಬೇಡಿ.

ಮಗ ಮನಸ್ಸು ಬದಲಿಸಿ ಕಂತಿನಲ್ಲಿ ಕೊಡುತ್ತೇನೆ ಎಂದರೆ ಬಾಯಿಮಾತಿಗೆ ಬಿಡಬೇಡಿ. ನೀವು ಇಷ್ಟು ದಿನ ದಾವೆ ಹಾಕದೆ ಕಾಯುತ್ತೀರಿ, ಅದಕ್ಕೆ ಪ್ರತಿಯಾಗಿ ಅವನು ಇಷ್ಟು ಹಣ ಇಂತಿಂಥ ತಾರೀಕಿಗೆ ಕೊಡುತ್ತಾನೆ ಎಂದು ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಅವನ ಸಹಿ ಮಾಡಿಸಿ. ಆಗ ಅದು ಅವನ ಸ್ವಂತ ಕರಾರು, ಅಪ್ಪನ ಆಸ್ತಿ ಸಾಲದಿದ್ದರೂ ಅವನು ಕೊಡಬೇಕು, ಇದನ್ನು ಸಹಿಗೆ ಮೊದಲು ಅವನಿಗೆ ಬಿಡಿಸಿ ಹೇಳಿ. ಕಂತು ಬ್ಯಾಂಕ್ ಮೂಲಕವೇ ಬರಲಿ, ಇಷ್ಟು ದೊಡ್ಡ ಸಾಲವನ್ನು ನಗದಾಗಿ ವಾಪಸ್ ಕೊಡುವುದಕ್ಕೂ ತೆರಿಗೆ ಕಾನೂನಿನ ತಡೆ ಇದೆ. ಮೂಲ ಪ್ರೋನೋಟನ್ನು ಕೊನೆಯ ಕಂತು ಬರುವವರೆಗೆ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ತೋರಿಸಿ ಸಾಕು.